ಮಾರದವನ ಮನೆಗೆ ಗಿರಾಕಿ

ಮಾರುತ್ತೇನೆಂದು ಎಂದೂ ಹೇಳದವನ ಜಗುಲಿಯ ಮೇಲೆ ಕುಳಿತು, ಅವನು ಕೊಟ್ಟ ಕಾಫಿಯನ್ನೇ ಕುಡಿದು, ಅವನ ತೋಟಕ್ಕೆ ಬೆಲೆ ಕಟ್ಟುವುದು ಈಗ ಒಂದು ಕಸುಬು. ಚನ್ನಗಿರಿ ತಾಲ್ಲೂಕಿನ ಉಬ್ರಾಣಿಯಂಥ ಅಡಿಕೆಯ ಸೀಮೆಯಲ್ಲಿ ಈ ದೃಶ್ಯವನ್ನು ಕಲ್ಪಿಸಿಕೊಳ್ಳಲು ಓದುಗರು ಕಷ್ಟಪಡಬೇಕಾಗಿಲ್ಲ. “ನೀವು ಕೊಡುತ್ತೀರೆಂದಲ್ಲ, ಸುಮ್ಮನೆ ಕೇಳಿದೆ” ಎಂಬುದು ದಲ್ಲಾಳಿಯ ಪಲ್ಲವಿ. “ಬೆಂಗಳೂರಿನವರು ರೊಕ್ಕ ಹಿಡಿದು ಕೂತಿದ್ದಾರೆ” ಎಂಬುದು ಅನುಪಲ್ಲವಿ. ಕೊಳ್ಳುವವನನ್ನೂ ಒಡೆಯನನ್ನೂ ಕೂಡಿಸಿದರೆ ಇಬ್ಬರಿಗೂ ಲಾಭ, ಇದರಲ್ಲಿ ತಪ್ಪೇನು ಎಂದು ಕೇಳುವ ಬುದ್ಧಿವಂತರು ನಮ್ಮಲ್ಲಿದ್ದಾರೆ. ಈ ನಾಲ್ಕು ಮಾತು ಅವರಿಗಾಗಿ.

ಈ ಕಸುಬು ಇಷ್ಟು ಸುಲಭವಾದದ್ದು ಹೇಗೆ? 2000ದ ಸುಮಾರಿಗೆ ಬಂದ ‘ಭೂಮಿ’ ಯೋಜನೆ ರಾಜ್ಯದ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ರೈತನಿಗೆ ಅದರಿಂದ ಆದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದೇ ಪಹಣಿಯಲ್ಲಿ ಒಡೆಯನ ಹೆಸರು, ನೆಲದ ವಿಸ್ತೀರ್ಣ, ಅದರ ಮೇಲಿನ ಸಾಲ ಎಲ್ಲವೂ ಇರುತ್ತವೆ. ಸರ್ವೆ ನಂಬರು ತಿಳಿದವನು ಕುಳಿತಲ್ಲಿಂದಲೇ ನೋಡಬಹುದು. ಕೃಷಿಕರಲ್ಲದವರು ಬೇಸಾಯದ ನೆಲ ಕೊಳ್ಳುವುದನ್ನು ತಡೆದಿದ್ದ, 1961ರ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳು 2020ರಲ್ಲಿ ರದ್ದಾದವು. ಕೊಳ್ಳಲು ಅರ್ಹರಾದವರು ಒಂದೇ ವರ್ಷದಲ್ಲಿ ಹೆಚ್ಚಿದರು. ಮಾರುವ ಮನಸ್ಸು ಮಾತ್ರ ಕಾಯಿದೆಯಿಂದ ಹುಟ್ಟುವುದಿಲ್ಲ. ಆ ಮನಸ್ಸನ್ನು ಹುಟ್ಟಿಸುವುದೇ ದಲ್ಲಾಳಿಯ ಕೆಲಸ.

ಒಂದು ವಿಚಿತ್ರವನ್ನು ಗಮನಿಸಿ. ಇದೇ ರೈತ ತನ್ನ ಅಡಿಕೆಯ ಚೀಲವನ್ನು ಚನ್ನಗಿರಿಯ ಪೇಟೆಗೆ ತಂದರೆ ಅಲ್ಲಿ ಟೆಂಡರು ಉಂಟು, ಹಲವು ಖರೀದಿದಾರರುಂಟು, ತುಮ್ಕೋಸಿನಂಥ ಸಹಕಾರ ಸಂಘವುಂಟು. ದರವನ್ನು ಹತ್ತು ಜನ ನೋಡುತ್ತಾರೆ. ಒಂದು ವರ್ಷದ ಫಸಲಿಗೆ ಇಷ್ಟು ಕಾವಲು! ಆ ಫಸಲನ್ನು ಕೊಟ್ಟ ನೆಲಕ್ಕೋ, ಒಬ್ಬ ದಲ್ಲಾಳಿ, ಒಂದು ಜಗುಲಿ, ಒಂದು ಪಿಸುಮಾತು. ಸಸಿ ನೆಟ್ಟು ಐದಾರು ವರ್ಷ ಕಾದು ಗೊನೆ ಕಂಡವನು ತನ್ನ ತೋಟದ ಬೆಲೆ ಎಷ್ಟೆಂದು ಯೋಚಿಸಿದವನೇ ಅಲ್ಲ. ಆದ್ದರಿಂದ ಕಿವಿಗೆ ಮೊದಲು ಬಿದ್ದ ಅಂಕಿಯೇ ಅವನಿಗೆ ಅಳತೆಗೋಲಾಗುತ್ತದೆ. ಎದುರಿನವನಿಗಾದರೋ ಕೊಳ್ಳುವವನ ಥೈಲಿಯೂ ಗೊತ್ತು, ಒಡೆಯನ ಸಾಲವೂ ಗೊತ್ತು. ಇದನ್ನು ವ್ಯಾಪಾರವೆಂದು ಕರೆಯುವುದಾದರೆ ಒಂದೇ ತಟ್ಟೆಯಿರುವುದನ್ನೂ ತಕ್ಕಡಿಯೆನ್ನಬೇಕು.

ಮುಂಗಡ ಕೊಟ್ಟು ಕರಾರಿಗೆ ಸಹಿ ಪಡೆಯುವ ಆತುರದಲ್ಲಿ ಮನೆಯ ಹೆಣ್ಣುಮಕ್ಕಳನ್ನು ಕೇಳುವವರಾರು? ಪಿತ್ರಾರ್ಜಿತದಲ್ಲಿ ಅವರಿಗೆ ಸಮಪಾಲನ್ನು ಕರ್ನಾಟಕ 1994ರಲ್ಲಿಯೂ ಕೇಂದ್ರ 2005ರಲ್ಲಿಯೂ ಶಾಸನದ ಮೂಲಕ ಕೊಟ್ಟಿವೆ. ಕೊಟ್ಟ ಊರಿನಲ್ಲಿರುವ ಮಗಳಿಗೆ ಸುದ್ದಿ ಮುಟ್ಟುವ ಹೊತ್ತಿಗೆ ತೋಟಕ್ಕೆ ತಂತಿಬೇಲಿ ಬಿದ್ದಿರುತ್ತದೆ. ಉಳಿದದ್ದು ಕೋರ್ಟಿನ ಅಲೆದಾಟ. 2016ರ ರೇರಾ ಕಾಯಿದೆ ಬಡಾವಣೆಯ ನಿವೇಶನ, ಫ್ಲಾಟು ಮಾರಿಸುವವರಿಗೆ ನೋಂದಣಿ ವಿಧಿಸಿತು. ಬೇಸಾಯದ ನೆಲ ಮಾರಿಸುವವನು ಅದರ ಹೊರಗೇ ಉಳಿದ.

ಎಲ್ಲ ಒಡೆಯರೂ ನೆಲಕ್ಕೆ ಅಂಟಿಕೊಂಡವರೆಂದು ನಾವು ಹೇಳುತ್ತಿಲ್ಲ. ಮಕ್ಕಳು ಪಟ್ಟಣ ಸೇರಿ, ಮೈಯಲ್ಲಿ ಶಕ್ತಿ ಉಡುಗಿ, ಯಾರಾದರೂ ಕೇಳಿದರೆ ಕೊಟ್ಟುಬಿಡೋಣವೆಂದು ಸುಮ್ಮನಿರುವ ಮುದುಕರೂ ಇದ್ದಾರೆ. ಅಂಥವರಿಗೆ ಗಿರಾಕಿ ಸಿಗುವುದು ಉಪಕಾರವೇ. ಹಾಗಿದ್ದರೆ ಬಾಗಿಲು ತಟ್ಟುವುದೇಕೆ? ನೆಲ ಬೇಕಾದವನು ತನ್ನ ಹೆಸರು, ಬೇಕಾದ ಎಕರೆ, ಕೊಡುವ ಬೆಲೆ ಮೂರನ್ನೂ ಸಹಕಾರ ಸಂಘದ ಅಥವಾ ಪಂಚಾಯಿತಿಯ ಹಲಗೆಯ ಮೇಲೆ ಬರೆಸಲಿ. ಮನಸ್ಸಿದ್ದ ಒಡೆಯ ತಾನಾಗಿ ಬರುತ್ತಾನೆ. ಇಲ್ಲದವನು ನೆಮ್ಮದಿಯಿಂದ ಮಲಗುತ್ತಾನೆ. ಇದೇನೂ ಆಕಾಶಕ್ಕೆ ಏಣಿ ಹಾಕುವ ಮಾತಲ್ಲ. ಫ್ರಾನ್ಸಿನಲ್ಲಿ ಕೃಷಿಭೂಮಿ ಕೈ ಬದಲಾಯಿಸುವ ಮುನ್ನ, 1960ರ ಶಾಸನದಿಂದ ಹುಟ್ಟಿದ ಪ್ರಾದೇಶಿಕ ಸಂಸ್ಥೆಗಳಿಗೆ ತಿಳಿಸಬೇಕು. ಅವಶ್ಯವೆನಿಸಿದರೆ ಅವು ತಾವೇ ಕೊಂಡು ಬೇಸಾಯಗಾರನಿಗೆ ದಾಟಿಸಬಹುದು.

ಕೊನೆಯ ಮಾತು ನಮಗೇ ಸಲ್ಲಬೇಕು. ದಲ್ಲಾಳಿಯನ್ನು ಉಬ್ರಾಣಿಗೆ ಕಳುಹಿಸಿದವರು ಪಟ್ಟಣದಲ್ಲಿ ಕುಳಿತು ಭಾನುವಾರದ ಪತ್ರಿಕೆ ಓದುವ ನಮ್ಮಂಥವರೇ. ‘ಒಂದೆರಡು ಎಕರೆ ಹಸಿರು’ ನಮ್ಮ ಕನಸು. ಕನಸಿಗೆ ಅಡ್ಡಿಯಿಲ್ಲ. ಆದರೆ ಯಾವನಾದರೂ ತೋಟದ ಚಿತ್ರ ತೋರಿಸಿ “ಒಡೆಯ ಒಪ್ಪಿದ್ದಾನೆ” ಎಂದಾಗ, ಹಣ ಎಣಿಸುವ ಮೊದಲು ಒಂದು ಪ್ರಶ್ನೆ ಕೇಳೋಣ: “ಮಾರುವ ಮಾತನ್ನು ಮೊದಲು ಎತ್ತಿದವರು ಯಾರು?”