ಪಡಾ ಭೂಮಿಯೂ ಒಂದು ಮನೆ



ಹೊಸ ಪ್ರಾಣಿ ಪತ್ತೆಯಾಯಿತೆಂದರೆ ಅದು ದಟ್ಟ ಕಾಡಿನ ಇಲ್ಲವೆ ಆಳ ಸಮುದ್ರದ ಸುದ್ದಿಯೆಂದೇ ತಿಳಿಯುತ್ತೇವೆ. ಆದರೆ 2020ರಲ್ಲಿ ವಿಜ್ಞಾನಿಗಳು ಹೊಸ ಪ್ರಭೇದವೆಂದು ಗುರುತಿಸಿದ ಒಂದು ಓತಿಕ್ಯಾತ ಬಾಗಲಕೋಟೆಯೂ ಸೇರಿದ ನಮ್ಮ ಉತ್ತರ ಕರ್ನಾಟಕದ ಬಯಲಿನದು. ಅದಕ್ಕೆ ಸಿಟಾನ ಧಾರವಾರೆನ್ಸಿಸ್ ಎಂದು ಹೆಸರಿಟ್ಟಿದ್ದಾರೆ. ಗಂಡು ಓತಿಕ್ಯಾತ ಕೊರಳಿನ ಚರ್ಮವನ್ನು ಬೀಸಣಿಕೆಯಂತೆ ಬಿಚ್ಚಿ ಹೆಣ್ಣನ್ನು ಕರೆಯುತ್ತದೆ. ತುಳಸಿಗೇರಿಯ ಸುತ್ತ ದನ, ಕುರಿ ಮೇಯಿಸುವವರು ಇಂಥದನ್ನು ಎಷ್ಟೋ ಸಲ ಕಂಡಿರಬಹುದು.

ಕಲ್ಲು, ಹುಲ್ಲು, ಕುರುಚಲು ಗಿಡಗಳ ಪಡಾ ಭೂಮಿಯೇ ಇದರ ನೆಲೆ. ಇರುವೆ, ಮಿಡತೆ ಮುಂತಾದ ಕೀಟಗಳು ಇಂಥ ಓತಿಕ್ಯಾತಗಳ ಆಹಾರ. ಕಾಗದಪತ್ರಗಳಲ್ಲಿ ಮಾತ್ರ ಆ ನೆಲಕ್ಕೆ 'ಬಂಜರು' ಎಂಬ ಹೆಸರು.

ಓತಿಕ್ಯಾತ ಉಳಿದರೆ ಇಳುವರಿ ಹೆಚ್ಚುತ್ತದೆಂದು ನಾನು ಹೇಳಲಾರೆ. ಆದರೆ ಇಂಚು ನೆಲವನ್ನೂ ಬಿಡದೆ ಉಳಿರೆಂಬ ನಮ್ಮ ಹಳೆಯ ಸಲಹೆಯನ್ನು ತಿದ್ದಿಕೊಳ್ಳಬೇಕು. ಗೇಣು ಮಣ್ಣೂ ಇಲ್ಲದ ನೆಲವನ್ನು ಒಡೆಯಲು ಹಾಕಿದ ಹಣ ಬೆಳೆಯಿಂದ ಮರಳುವುದು ಕಷ್ಟ. ಅದನ್ನು ಮೇವಿಗೆ ಬಿಡಿರಿ. ಒಣ ಹುಲ್ಲಿಗೆ ಬೆಂಕಿ ಹಚ್ಚಬೇಡಿರಿ. ಬದುಗಳ ಮೇಲೆ ಕೀಟನಾಶಕ ಸಿಂಪಡಿಸಬೇಡಿರಿ.

ಈ ಜೀವಿಗೆ ಹೆಸರು ಸಿಕ್ಕು ಕೆಲವೇ ವರ್ಷಗಳಾದವು. ಅಷ್ಟರಲ್ಲೇ ಅದರ ನೆಲೆ ತಪ್ಪಿಸುವುದು ಬೇಡ.