ಪಿಕಪ್ಪನ್ನು ಎತ್ತರಿಸುವ ಮುನ್ನ

ಮಲೆನಾಡಿನ ಕೃಷಿಕನ ಬದುಕಿನಲ್ಲಿ ಎತ್ತಿನ ಗಾಡಿಯ ಸ್ಥಾನವನ್ನು ಪಿಕಪ್ ವಾಹನವು ಆಕ್ರಮಿಸಿಕೊಂಡು ಬಹುಕಾಲವಾಯಿತು. ಅಡಿಕೆ ಗೊನೆ, ಕಾಫಿ ಚೀಲ, ಗೊಬ್ಬರ, ದರಗು ಎಲ್ಲವೂ ಅದರ ಬೆನ್ನ ಮೇಲೆಯೇ. ಆದುದರಿಂದ ಅದನ್ನು ವಿಲಾಸದ ವಸ್ತುವೆಂದು ಹಳಿಯುವುದು ಈ ಲೇಖನದ ಉದ್ದೇಶವಲ್ಲ. ಆದರೆ 2016ರಲ್ಲಿ ಇಸುಝು ವಿ-ಕ್ರಾಸ್, 2022ರಲ್ಲಿ ಟೊಯೊಟಾ ಹೈಲಕ್ಸ್‌ನಂತಹ ನಾಲ್ಕು ಚಕ್ರ ಚಾಲನೆಯ ಪಿಕಪ್‌ಗಳು ನಮ್ಮ ಮಾರುಕಟ್ಟೆಗೆ ಬಂದ ತರುವಾಯ, ಸಸ್ಪೆನ್ಷನ್ ಎತ್ತರಿಸಿಕೊಳ್ಳುವ ಹುಮ್ಮಸ್ಸು ತರುಣರಲ್ಲಿ ಹೆಚ್ಚಿದೆ. ಮೊದಲ ಸಲಕ್ಕೆ ಯಾವ ಕಿಟ್ ಸೂಕ್ತ, ಎಷ್ಟು ಅಂಗುಲ ಏರಿಸಬಹುದು ಎಂಬ ಪ್ರಶ್ನೆ ನಮ್ಮ ಬಳಗದ ಸಭೆಗಳಲ್ಲಿಯೂ ಕೇಳಿಬರುತ್ತಿದೆ. ಪ್ರಶ್ನೆ ನ್ಯಾಯವಾದುದೇ. ಅದರ ಉತ್ತರವನ್ನು ಕಿಟ್ ಮಾರುವವರಿಗೇ ಬಿಟ್ಟುಕೊಡುವುದು ಮಾತ್ರ ತರವಲ್ಲ.

ಮೊದಲು ಒಂದು ಭ್ರಮೆಯನ್ನು ನಿವಾರಿಸಬೇಕು. ಕಿಟ್ ಹಾಕಿದರೆ ವಾಹನದ ಚಾಸಿಯೂ ಮೈಯೂ ಮೇಲೇರುತ್ತವೆ, ನಿಜ. ಆದರೆ ಹಿಂದಿನ ಆಕ್ಸಲ್ಲಿನ ನಡುವೆ ಗುಂಡಾಗಿ ಉಬ್ಬಿರುವ ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತದೆ. ದಾರಿಯ ನಡುವಿನ ಕಲ್ಲಿಗೆ ಮೊದಲು ತಾಗುವುದು ಅದೇ. ಅದನ್ನು ಮೇಲೇರಿಸುವುದು ದೊಡ್ಡ ಟೈರು ಮಾತ್ರ. ಅದೂ ವ್ಯಾಸ ಎರಡಂಗುಲ ಹೆಚ್ಚಿದರೆ ಒಂದಂಗುಲ. ಸಾವಿರಾರು ರೂಪಾಯಿ ತೆತ್ತು ಎತ್ತರಿಸಿದ ಮೇಲೂ ಅದೇ ಕಲ್ಲು ಅದೇ ಜಾಗಕ್ಕೆ ಬಡಿಯುವುದುಂಟು.

ಇನ್ನು ವಿಧಾನಗಳು. ಮುಂದಿನ ಸ್ಪ್ರಿಂಗಿನ ಮೇಲೆ ಬಿಲ್ಲೆ ಇಡುವುದು, ಹಿಂದೆ ಆಕ್ಸಲ್ಲಿಗೂ ಪಟ್ಟಿಗಳಿಗೂ ನಡುವೆ ಕಬ್ಬಿಣದ ಬ್ಲಾಕ್ ಕೂರಿಸುವುದು, ಉದ್ದದ ಶಾಕಲ್ ಹಾಕುವುದು, ಇನ್ನೊಂದು ಪಟ್ಟಿ ಸೇರಿಸುವುದು, ಇಡೀ ಸ್ಪ್ರಿಂಗ್ ಸೆಟ್ಟನ್ನೇ ಬದಲಿಸುವುದು. ಇವುಗಳಲ್ಲಿ ಬಿಲ್ಲೆ, ಬ್ಲಾಕುಗಳು ಅಗ್ಗ. ಹೊಸಬರನ್ನು ಮೊದಲು ಸೆಳೆಯುವುದೂ ಅವೇ. ಆದರೆ ಮುಂದಿನ ಚಕ್ರಗಳಿಗೆ ಪ್ರತ್ಯೇಕ ಸಸ್ಪೆನ್ಷನ್ ಇರುವ ವಾಹನದಲ್ಲಿ ಸ್ಪ್ರಿಂಗಿನ ಮೇಲ್ತುದಿಗೆ ಒಂದಂಗುಲದ ಬಿಲ್ಲೆ ಇಟ್ಟರೆ ಮೈ ಅದಕ್ಕಿಂತ ಬಹಳ ಹೆಚ್ಚು ಏರುತ್ತದೆ. ಆಕ್ಸಲ್ ಜಾಯಿಂಟುಗಳ ಕೋನ ಕಡಿದಾಗಿ ಅವು ಬೇಗ ಸವೆಯುತ್ತವೆ. ಬ್ರೇಕ್ ಹೋಸ್ ಬಿಗಿಯಾಗುತ್ತದೆ, ಅಲೈನ್‌ಮೆಂಟ್ ಕೆಡುತ್ತದೆ, ಹೆಡ್‌ಲೈಟು ಎದುರಿನವನ ಕಣ್ಣಿಗೆ ರಾಚುತ್ತದೆ. ಇವೆಲ್ಲಕ್ಕಿಂತ ಗಂಭೀರವಾದುದು ಇನ್ನೊಂದಿದೆ. ಅನೇಕ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ಲಿಗೂ ಬ್ರೇಕಿನ ವಾಲ್ವಿಗೂ ನಡುವೆ ಸಣ್ಣ ಸರಳೊಂದು ಇರುತ್ತದೆ. ಹೇರು ಹೆಚ್ಚಿ ಚಾಸಿ ಕೆಳಗಿಳಿದಷ್ಟೂ ಅದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಹಿಂಭಾಗವನ್ನು ಎತ್ತರಿಸಿ ಆ ಸರಳನ್ನು ಸರಿಹೊಂದಿಸದೆ ಬಿಟ್ಟರೆ, ತುಂಬಿದ ವಾಹನವನ್ನೂ ಅದು ಖಾಲಿಯೆಂದೇ ತಿಳಿಯುತ್ತದೆ. ಒಂದೂವರೆ ಟನ್ ಹೇರಿಕೊಂಡು ಘಾಟಿಯಿಳಿಯುವಾಗ ಹಿಂದಿನ ಬ್ರೇಕು ಅರ್ಧ ಮನಸ್ಸಿನಿಂದ ಹಿಡಿದರೆ ಏನಾದೀತೆಂದು ನಮ್ಮ ಓದುಗರಿಗೆ ವಿವರಿಸಬೇಕಿಲ್ಲ. ಗುರುತ್ವದ ಕೇಂದ್ರ ಮೇಲೇರಿದ ವಾಹನ ಓರೆ ದಾರಿಯಲ್ಲಿ ಮಗುಚುವುದೂ ಸುಲಭ. ಕೂಲಿಯವರನ್ನು ಹಿಂದೆ ನಿಲ್ಲಿಸಿಕೊಂಡು ಹೋಗುವ ಪದ್ಧತಿ ಕಾನೂನಿಗೆ ಹೊರತಾದರೂ ಇನ್ನೂ ನಿಂತಿಲ್ಲ. ಮಗುಚಿದಾಗ ಅಡಿಗೆ ಸಿಲುಕುವವರು ಕಿಟ್ ಆರಿಸಿದವರಲ್ಲ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ, ತಯಾರಕರು ನಿಗದಿಪಡಿಸಿ ನೋಂದಣಿ ಪತ್ರದಲ್ಲಿ ದಾಖಲಾದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನಧಿಕೃತ ಮಾರ್ಪಾಡು ಒಂದೊಂದಕ್ಕೂ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಿದೆ. ಅಪಘಾತವಾದಾಗ ವಿಮೆಯ ಕಂಪನಿಯು ಈ ನೆಪವನ್ನು ಹುಡುಕದೆ ಬಿಟ್ಟೀತೆ?

ಇಷ್ಟೂ ವಾಹನದ ಮತ್ತು ಮನುಷ್ಯರ ಮಾತಾಯಿತು. ಬೆಟ್ಟದ ಮಾತು ಬೇರೆಯದೇ ಇದೆ. ಸಾಮಾನ್ಯ ಜೀಪು ಕೆಸರಿನ ಕೊರಕಲಲ್ಲಿ ಹೊಟ್ಟೆ ತಾಗಿ ನಿಂತುಬಿಡುತ್ತದೆ. ಆ ನಿಲುಗಡೆಯೇ ದಾರಿಗೊಂದು ರಕ್ಷಣೆಯಾಗಿತ್ತು. ಎತ್ತರಿಸಿದ ವಾಹನ ನಿಲ್ಲುವುದಿಲ್ಲ. ಚಕ್ರ ಕೊರೆಯುತ್ತ ಮುಂದೆ ಸಾಗುತ್ತದೆ, ಕೊರಕಲು ಇನ್ನಷ್ಟು ಆಳವಾಗುತ್ತದೆ. ವರ್ಷಕ್ಕೆ ಸುಮಾರು ಏಳು ಸಾವಿರ ಮಿಲಿಮೀಟರ್ ಮಳೆ ಬೀಳುವ ಆಗುಂಬೆಯಂತಹ ಸೀಮೆಯಲ್ಲಿ ಜೋಡಿ ಗಾಲಿಜಾಡೆಂದರೆ ಎರಡು ಹಳ್ಳಗಳೆಂದೇ ಅರ್ಥ. ಶೋಲಾ ಕಾಡಿನ ಮೇಲಿನ ಹುಲ್ಲುಗಾವಲಿನಲ್ಲಂತೂ ಬೇರಿನ ಹೊದಿಕೆ ಒಮ್ಮೆ ಹರಿದರೆ ಕೆಳಗಿನ ಮಣ್ಣು ಮಳೆಯ ಪಾಲು. ಕೊಡಗಿನ ಮಾಂದಲ್‌ಪಟ್ಟಿಯ ಕಡೆಗೆ ಪ್ರವಾಸಿಗರನ್ನು ಹೊತ್ತು ಓಡುವ ಬಾಡಿಗೆ ಜೀಪುಗಳನ್ನು ಕಂಡವರಿಗೆ ಇದು ಹೊಸತಲ್ಲ. ಕುದುರೆಮುಖದ ಗಣಿಯ ಹೂಳು ಭದ್ರೆಯನ್ನು ಸೇರುತ್ತಿದೆಯೆಂದು ಹೋರಾಡಿ, ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತುದನ್ನು ಕಂಡ ನಾಡು ನಮ್ಮದು. ಅಲ್ಲಿ ಪ್ರಶ್ನಿಸಲು ಒಬ್ಬ ಗುರುತಿಸಬಹುದಾದ ಎದುರಾಳಿಯಿದ್ದ. ನೂರು ಗಾಲಿಜಾಡುಗಳ ಹೂಳಿಗೆ ಯಾರ ಮೇಲೆ ದಾವೆ ಹೂಡುವುದು?

ಹಾಗಾದರೆ ಹೊಸಬನಿಗೆ ಹೇಳಬೇಕಾದುದೇನು? ಬಹುಪಾಲು ಹಳೆಯ ಪಿಕಪ್‌ಗಳಿಗೆ ಬೇಕಿರುವುದು ಎತ್ತರಿಸುವುದಲ್ಲ, ಕಳೆದುಕೊಂಡ ಎತ್ತರವನ್ನು ಮರಳಿ ಪಡೆಯುವುದು. ಅತಿಭಾರದಿಂದ ಕುಸಿದ ಪಟ್ಟಿಗಳನ್ನು ಬಾಗಿಸಿ ಹದಮಾಡಿಸುವುದು ಅಥವಾ ಕಂಪನಿಯ ಅಳತೆಯ ಹೊಸ ಪಟ್ಟಿ, ಹೊಸ ಬುಷ್, ಹೊಸ ಶಾಕ್ ಅಬ್ಸಾರ್ಬರ್ ಹಾಕಿಸುವುದು ಮಾರ್ಪಾಡಾಗುವುದಿಲ್ಲ, ದುರಸ್ತಿಯಾಗುತ್ತದೆ. ಜೊತೆಗೆ ತಯಾರಕರು ಒಪ್ಪಿದ ಅಳತೆಯಲ್ಲೇ ಹಿಡಿತವುಳ್ಳ ಟೈರು ಸಾಕು. ಇದಾದ ಮೇಲೂ ತೋಟದ ದಾರಿಯಲ್ಲಿ ಅಡಿ ತಾಗುವುದಾದರೆ ದೋಷ ವಾಹನದ್ದಲ್ಲ, ದಾರಿಯದು. ಕಿಟ್ಟಿಗೆಂದು ತೆಗೆದಿಟ್ಟ ಹಣದಲ್ಲಿ ನಾಲ್ಕಾಳು ಹಿಡಿದು, ಇಳಿಜಾರಿಗೆ ತಕ್ಕ ಅಂತರದಲ್ಲಿ ಅಡ್ಡಚರಂಡಿ ತೋಡಿ, ಕೊರಕಲಿಗೆ ಜಂಬಿಟ್ಟಿಗೆಯ ಚೂರು ತುಂಬಿಸಬಹುದು. ಈ ಕೆಲಸ ಮೇ ತಿಂಗಳೊಳಗೆ ಮುಗಿಯಬೇಕು. ಜೂನ್ ಬಂದ ಮೇಲೆ ಹಾರೆ ಹಿಡಿದವನಿಗೆ ಕೆಸರಲ್ಲದೆ ಬೇರೇನೂ ಸಿಗದು.