ಪಡಿತರ ಚೀಲದಲ್ಲಿ ಏನಿರಬೇಕು, ಯಾರು ಹೇಳಬೇಕು?

ಅನ್ನಭಾಗ್ಯ 2013ರ ಜುಲೈನಲ್ಲಿ ಶುರುವಾದಾಗ ಚರ್ಚೆ ಇದ್ದದ್ದು ಬಡವರ ಮನೆಯಲ್ಲಿ ಎರಡು ಹೊತ್ತು ಒಲೆ ಉರಿಯುವುದರ ಬಗ್ಗೆ. ಅಕ್ಕಿಯೇ ಉತ್ತರವೆಂದು ಬಹುಪಾಲು ಜನ ಒಪ್ಪಿದ್ದರು. ಆಮೇಲೆ ಸಂಗತಿ ಅಷ್ಟು ಸರಳವಾಗಿ ಉಳಿಯಲಿಲ್ಲ. ಹೆಚ್ಚುವರಿ ಐದು ಕೆಜಿ ಅಕ್ಕಿ ಹೊಂದಿಸಲಾಗದೆ 2023ರ ಜುಲೈಯಿಂದ ಸರ್ಕಾರ ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿಯನ್ನು ಖಾತೆಗೆ ಹಾಕಿತು. 2025ರ ಆರಂಭದಲ್ಲಿ ಹಣ ನಿಂತು ಅಕ್ಕಿ ಮರಳಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಆ ಅಕ್ಕಿಯ ಬದಲು ಬೇಳೆ, ಅಡುಗೆ ಎಣ್ಣೆ, ಸಕ್ಕರೆ, ಉಪ್ಪು ಇರುವ ‘ಇಂದಿರಾ ಕಿಟ್’ ಕೊಡಲು ಸಚಿವ ಸಂಪುಟ ತೀರ್ಮಾನಿಸಿತು. ಕೇಂದ್ರದ ಪಾಲಿನ ಐದು ಕೆಜಿಯ ಬಗ್ಗೆ ತಕರಾರಿಲ್ಲ. ವಾದವಿರುವುದು ಉಳಿದ ಅರ್ಧದ ಬಗ್ಗೆ: ಅದರಲ್ಲಿ ಏನಿರಬೇಕೆಂದು ಸರ್ಕಾರ ಹೇಳಬೇಕೋ, ಉಣ್ಣುವವರು ಹೇಳಬೇಕೋ?

ಸರ್ಕಾರವೇ ಹೇಳಲಿ ಎನ್ನುವವರ ವಾದ ಗಟ್ಟಿಯಾಗಿಯೇ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. 15ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ. ಅನ್ನಭಾಗ್ಯದ ಅಕ್ಕಿ ಆರೇಳು ವರ್ಷ ಮನೆ ಮನೆ ತಲುಪಿದ ಮೇಲಿನ ಚಿತ್ರವಿದು. ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿ, ದಿನಕ್ಕೆ 2000 ಕ್ಯಾಲರಿ ಬೇಕಾದವರಿಗೆ 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು ಸಾಕೆನ್ನುತ್ತದೆ. ತಿಂಗಳಿಗೆ ಲೆಕ್ಕ ಹಾಕಿದರೆ ಧಾನ್ಯ ಏಳೂವರೆ ಕೆಜಿ, ಬೇಳೆಕಾಳು ಎರಡೂವರೆ ಕೆಜಿ. ಅಂದರೆ ತಲೆಗೆ ಹತ್ತು ಕೆಜಿ ಅಕ್ಕಿಯೇ ಮಿತಿ ದಾಟುತ್ತದೆ, ಬೇಳೆಯ ಜಾಗ ಮಾತ್ರ ಖಾಲಿ ಉಳಿಯುತ್ತದೆ. ಪಡಿತರ ಅಕ್ಕಿ ಕಾಳಸಂತೆ ಸೇರುವುದನ್ನು ಇವರು ಸಾಕ್ಷಿಯಾಗಿ ಮುಂದಿಡುತ್ತಾರೆ.

ಎದುರು ಪಕ್ಷ ಇದೇ ಸಾಕ್ಷಿಯನ್ನು ಬೇರೆ ರೀತಿ ಓದುತ್ತದೆ. 2000 ಕ್ಯಾಲರಿ ಕುರ್ಚಿಯಲ್ಲಿ ಕೂತು ದುಡಿಯುವವರ ಲೆಕ್ಕ. ಇಟ್ಟಿಗೆ ಹೊರುವವರಿಗೆ, ನಾಟಿ ಹಾಕುವವರಿಗೆ ಅದು ಸಾಲದು. ಅಕ್ಕಿ ಮಾರಿದ ಮನೆ ಹೊಟ್ಟೆ ತುಂಬಿ ಮಾರಿತೆಂದೂ ಹೇಳಲಾಗದು. ಔಷಧಿಗೋ, ತರಕಾರಿಗೋ, ಗ್ಯಾಸ್ ಸಿಲಿಂಡರಿಗೋ ದುಡ್ಡು ಬೇಕಾಗಿರಬಹುದು. ಅಕ್ಕಿ ಕೊಳ್ಳುವ ಖರ್ಚು ಉಳಿದರೆ ಆ ಹಣ ಸೊಪ್ಪು, ಮೊಟ್ಟೆಗೆ ಹೋಗುವ ಸಾಧ್ಯತೆಯೂ ಇದೆ. ಬಡವರು ಕೈಗೆ ಹೆಚ್ಚು ಕಾಸು ಬಂದಾಗ ಅಷ್ಟನ್ನೂ ಹೆಚ್ಚು ಕ್ಯಾಲರಿಗೆ ಸುರಿಯದೆ ರುಚಿಗೂ ಒಂದು ಪಾಲು ಇಡುತ್ತಾರೆಂದು ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ತಮ್ಮ 2011ರ ಪುಸ್ತಕದಲ್ಲಿ ತೋರಿಸಿದ್ದರು. ಅದನ್ನು ಅವಿವೇಕವೆಂದು ಕರೆಯುವ ಮೊದಲು ನಮ್ಮ ತಟ್ಟೆಗಳನ್ನೂ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಕಿಟ್‌ನಲ್ಲಿ ಸಕ್ಕರೆಗೇನು ಕೆಲಸ ಎಂದು ಆಹಾರತಜ್ಞರು ಕೇಳಬಹುದು. ಬೆಳಗ್ಗೆ ಟೀ ಕುಡಿಯದೆ ಕೂಲಿಗೆ ಹೊರಡುವವರು ಎಷ್ಟು ಮಂದಿ?

ಹಾಗಾದರೆ ಹಣವನ್ನೇ ಕೊಡಬಹುದಲ್ಲ? ನಾಲ್ಕು ಜನರ ಮನೆಗೆ ತಿಂಗಳಿಗೆ 680 ರೂಪಾಯಿ ಬಂದರೆ ಬೇಕಾದ ಬೇಳೆಯನ್ನು ಬೇಕಾದ ಅಂಗಡಿಯಲ್ಲಿ ಕೊಳ್ಳಬಹುದು, ಕಿಟ್ ಕಟ್ಟುವ, ಸಾಗಿಸುವ ಖರ್ಚಿಲ್ಲ. ‘ದುಡ್ಡು ಕುಡಿತಕ್ಕೆ ಹೋಗುತ್ತದೆ’ ಎಂಬ ಆಕ್ಷೇಪ ಸುಲಭವಾಗಿ ಬಾಯಿಗೆ ಬರುತ್ತದೆ. ಆದರೆ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಕಾರ್ಡಿನ ಯಜಮಾನಿ ಮನೆಯ ಹಿರಿಯ ಮಹಿಳೆ ಎಂಬುದನ್ನು ಮರೆಯಬಾರದು. ಹಣದ ವಿರುದ್ಧ ಇದಕ್ಕಿಂತ ಬಲವಾದ ಕಾರಣ ಬೆಲೆ. ತೊಗರಿಯ ದರ ಏರಿದಾಗ 170 ರೂಪಾಯಿ ತಾನಾಗಿ ಏರುವುದಿಲ್ಲ. ಚೀಲದಲ್ಲಿರುವ ಒಂದು ಕೆಜಿ ಬೇಳೆ ಮಾತ್ರ ಒಂದು ಕೆಜಿಯಾಗಿಯೇ ಇರುತ್ತದೆ.

ಈ ಇಕ್ಕಟ್ಟು ಸ್ಪಷ್ಟವಾಗಿ ಕಾಣುವುದು ರಾಗಿಯಲ್ಲಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಹತ್ತರ ಆಸುಪಾಸು. ದಕ್ಷಿಣದ ಜಿಲ್ಲೆಗಳಿಗೆ ರಾಗಿ, ಉತ್ತರಕ್ಕೆ ಜೋಳ ಎಂಬ ಪದ್ಧತಿ ಪಡಿತರದಲ್ಲಿ ಈಗಾಗಲೇ ಇದೆ. ಬೆಂಬಲ ಬೆಲೆಗೆ ಕೊಂಡರೆ ರೈತನಿಗೂ ಅನುಕೂಲ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಏರ್ಪಾಡು ಸಿಗಲಾರದು. ಆದರೆ ಸೊಸೈಟಿಯಲ್ಲಿ ಹೆಬ್ಬೆಟ್ಟು ಒತ್ತಿ ರಾಗಿ ತಂದ ಹೆಂಗಸಿನ ಕೆಲಸ ಅಲ್ಲಿಂದಲೇ ಶುರು. ಮೊರದಲ್ಲಿ ಕೇರಿ ಹೊಟ್ಟು ಹಾರಿಸಬೇಕು, ಕಲ್ಲು ಮಣ್ಣು ತೆಗೆಯಬೇಕು, ಒಣಗಿಸಬೇಕು, ಕರೆಂಟು ಇರುವ ಹೊತ್ತು ನೋಡಿಕೊಂಡು ಮಿಲ್ಲಿಗೆ ಹೊರಬೇಕು, ಬೀಸಿದ್ದಕ್ಕೆ ಕಾಸು ಕೊಡಬೇಕು. ಅಕ್ಕಿಯಾದರೆ ತೊಳೆದು ಕುಕ್ಕರಿಗೆ ಹಾಕಿದರಾಯಿತು. ಸಂಜೆ ಏಳಕ್ಕೆ ಗಾರ್ಮೆಂಟ್ಸ್‌ನಿಂದ ಮನೆ ಸೇರುವವಳಿಗೆ ಈ ವ್ಯತ್ಯಾಸ ಸಣ್ಣದಲ್ಲ. ಜೋಳದ ರೊಟ್ಟಿ ತಟ್ಟುವ ಶ್ರಮವೂ ಹಾಗೆಯೇ. ಪೌಷ್ಟಿಕ ಆಹಾರದ ಉಪದೇಶಗಳಲ್ಲಿ ಈ ದುಡಿಮೆಗೆ ಕೂಲಿ ಕಟ್ಟಿದವರು ಕಡಿಮೆ. ಇನ್ನು, ಒಂದು ಕಾಲಕ್ಕೆ ಬಡತನದ ಗುರುತಾಗಿದ್ದ ರಾಗಿಯನ್ನು ಪೇಟೆಯವರು ಸಕ್ಕರೆ ಕಾಯಿಲೆಗಾಗಿ ಹುಡುಕಿಕೊಂಡು ಹೋಗುವ ಹೊತ್ತಿನಲ್ಲಿ, ಹಳ್ಳಿಯವರು ಬಿಳಿ ಅನ್ನ ಬಯಸಿದರೆ ತಪ್ಪೆನ್ನುವುದು ಹೇಗೆ?

ಆದರೂ ಬಯಕೆಗೇ ಎಲ್ಲವನ್ನೂ ಬಿಡಬೇಕೆಂದಲ್ಲ. ಮೂರು ವರ್ಷದ ಮಗುವಿನ ತಟ್ಟೆಗೆ ಏನು ಬೀಳುತ್ತದೆಂಬುದು ಆ ಮಗುವಿನ ಆಯ್ಕೆಯಲ್ಲ. ಅಲ್ಲಿ ಸರ್ಕಾರಕ್ಕೆ ಮಾತಾಡುವ ಹಕ್ಕಿದೆ. ಶಾಲೆಗಳಲ್ಲಿ ಮೊಟ್ಟೆ ಕೊಡಲು ಹೊರಟಾಗ ವಿರೋಧ ಜೋರಾಗಿತ್ತು. ಬೇಡದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಎಂದಾದ ಮೇಲೆ ಯೋಜನೆಯೂ ನಡೆಯಿತು, ಯಾರ ಮೇಲೂ ಏನನ್ನೂ ಹೇರಿದಂತಾಗಲಿಲ್ಲ. ಪಡಿತರಕ್ಕೂ ಈ ದಾರಿ ಬಹುಶಃ ಒಗ್ಗೀತು: ಮೊದಲ ಐದು ಕೆಜಿ ಅಕ್ಕಿಯನ್ನು ಮುಟ್ಟದೆ, ಉಳಿದ ಅರ್ಧದ ಮೌಲ್ಯಕ್ಕೆ ಬೇಳೆ, ಎಣ್ಣೆ, ರಾಗಿ ಅಥವಾ ಜೋಳದಲ್ಲಿ ತನಗೆ ಬೇಕಾದ್ದನ್ನು ಕಾರ್ಡುದಾರಳೇ ಆರಿಸಿಕೊಳ್ಳಲಿ. ರಾಗಿಯನ್ನು ಶುಚಿ ಮಾಡಿಯೋ, ಹಿಟ್ಟು ಮಾಡಿಯೋ ಕೊಟ್ಟರೆ ಆರಿಸುವವರು ಹೆಚ್ಚಬಹುದು. ಹಿಟ್ಟು ಬೇಗ ಕೆಡುತ್ತದೆ, ಕಲಬೆರಕೆಗೂ ಅವಕಾಶ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನ್ಯಾಯಬೆಲೆ ಅಂಗಡಿಯವರ ಆಕ್ಷೇಪವೂ ನ್ಯಾಯವಾದದ್ದೇ: ಒಂದರ ಬದಲು ನಾಲ್ಕು ಬಗೆಯ ದಾಸ್ತಾನು ಇಟ್ಟರೆ ಜಾಗ ಸಾಲದು, ಇಲಿ ಹೆಗ್ಗಣದ ನಷ್ಟ ತಮ್ಮ ತಲೆಗೆ, ‘ಸ್ಟಾಕ್ ಇಲ್ಲ’ ಎಂಬ ಮಾತಿನ ಮರೆಯಲ್ಲಿ ಸೋರಿಕೆಗೂ ದಾರಿ. ಹಾಗಾಗಿ ಇಡೀ ರಾಜ್ಯಕ್ಕೆ ಒಂದೇ ದಿನ ಆದೇಶ ಹೊರಡಿಸುವುದಕ್ಕಿಂತ ಮಂಡ್ಯದಲ್ಲೊಂದು, ಕಲಬುರಗಿಯಲ್ಲೊಂದು ತಾಲ್ಲೂಕಿನಲ್ಲಿ ಆರು ತಿಂಗಳು ನಡೆಸಿ, ಯಾರು ಏನನ್ನು ಆರಿಸಿದರು, ಏನು ಅಂಗಡಿಯಲ್ಲೇ ಉಳಿಯಿತು ಎಂಬ ಲೆಕ್ಕವನ್ನು ಗ್ರಾಮ ಪಂಚಾಯಿತಿಯ ಬೋರ್ಡಿಗೆ ಅಂಟಿಸುವುದು ಸೂಕ್ತ. ಅಂಗಡಿಯವರ ಕಮಿಷನ್ ಎಷ್ಟು ಏರಬೇಕೆಂಬುದನ್ನು ಆ ಲೆಕ್ಕ ಕೈಗೆ ಬಂದ ಮೇಲೆ ಮಾತಾಡಬಹುದು.